ಆನೆ ಇಲ್ಲದ ದಿನ

ಸಿದ್ದಾಪುರದ ಸರ್ಕಾರಿ ಶಾಲೆ, ಶನಿವಾರ ಮಧ್ಯಾಹ್ನ.
ಬಿಸಿಯೂಟದ ಅಕ್ಕಿಮೂಟೆಗಳನ್ನು ಮೂಲೆಗೆ ಸರಿಸಿ
ನನಗೊಂದು ಮೇಜು ಕೊಟ್ಟಿದ್ದಾರೆ.
ಮೇಜಿನ ಮೇಲೆ ಮೂವತ್ತೆಂಟು ಪ್ರಶ್ನೆ,
ಪ್ರಶ್ನೆಗೆ ನಾಲ್ಕು ಚೌಕ:
ಇಲ್ಲವೇ ಇಲ್ಲ, ಒಮ್ಮೊಮ್ಮೆ, ಆಗಾಗ, ಯಾವಾಗಲೂ.

ಎದುರಿಗೆ ರಂಲತ್, ಕಾಫಿ ಕ್ಯೂರಿಂಗಿನಲ್ಲಿ ಬೀಜ ಆರಿಸುವವಳು.
ಮೇಜಿನಡಿ ಅವಳ ಮಗ ಅಜ್ನಾಸ್, ಒಂಬತ್ತು ವರ್ಷ,
ನನ್ನ ಚಪ್ಪಲಿಯ ಬಕ್ಕಲ್ಲು ಹಾಕಿ, ಬಿಚ್ಚಿ, ಹಾಕಿ.

"ಮುಂದಾಗುವುದನ್ನು ನೆನೆದು ಮಗು ಚಿಂತಿಸುತ್ತದೆಯೇ?"
ಓದುತ್ತಿದ್ದಂತೆ ನನಗೇ ನಾಚಿಕೆ.
ಉತ್ತರಿಸದವನ ದಿಗಿಲನ್ನು
ಅಮ್ಮನ ಬಾಯಿಂದ ಅಳೆದುಕೊಳ್ಳುವ ಸೇರು ಇದು.
"ಚಿಂತೆ ಅಂದ್ರೆ?"
ಆತಂಕ, ಅಂದೆ. ಕಳವಳ. ಎದೆಯೊಳಗೆ ಪುಕುಪುಕು.
"ಓ, ಪೇಡಿ."
ಅವಳ ಮನೆಮಾತಲ್ಲಿ ಪೇಡಿ ಅಂದರೆ ಬರೀ ಭಯ,
ಜ್ವರದ ಹಾಗೆ, ಬಂದು ಹೋಗುವಂಥದ್ದು.
ನನ್ನ ಕನ್ನಡಕ್ಕೆ ದಾಟಿದರೆ ಹೇಡಿ:
ಭಯವೇ ಮಗುವಿನ ಹೆಸರಾಗಿ ಕೂತುಬಿಡುತ್ತದೆ.
ಬರೆದದ್ದನ್ನು ಹೊಡೆದುಹಾಕಿದೆ.

ಅಷ್ಟರಲ್ಲಿ ಮೇಜಿನಡಿಯಿಂದ
ಅರಣ್ಯ ಇಲಾಖೆಯ ಜೀಪು, ಮೈಕಿನ ಗರಗರ ಸಮೇತ:
"ಸಾರ್ವಜನಿಕರ ಗಮನಕ್ಕೆ. ಆನೆ ತೋಟದಲ್ಲಿದೆ.
ಯಾರೂ ಹೊರಗೆ ಬರಬಾರದು."
ನಾನು ಎದ್ದೇಬಿಟ್ಟೆ, ಕಿಟಕಿಗೆ.
ಅಂಗಳದಲ್ಲಿ ಒಂದು ಸ್ಕೂಟರು, ಅದರ ನೆರಳಿಗೊಂದು ನಾಯಿ.

ರಂಲತ್ ನಗಲಿಲ್ಲ.
"ಆನೆ ಇದ್ದ ದಿನ ಇವ ಹೀಗೆ ಹೇಳಲ್ಲ ಮೇಡಂ.
ಅವತ್ತು ಲೈನಿನಲ್ಲಿ ಎಲ್ಲರೂ ಒಳಗೆ. ಚಿಲಕ ಬಿದ್ದಿರುತ್ತೆ,
ಯಾರ ಚಪ್ಪಲಿ ಎಲ್ಲಿರಬೇಕೋ ಅಲ್ಲೇ.
ಪಟಾಕಿ ಸಿಡಿದರೂ ಗಂಜಿ ಕುಡಿದು ಮಲಗ್ತಾನೆ.
ಹೇಳೋದು ಕಟಿಂಗ್ ಶಾಪಿನಲ್ಲಿ.
ಪೆರುನ್ನಾಳಿಗೆ ನೆಂಟರು ತುಂಬಿದಾಗ.
ಏಳೂಮುಕ್ಕಾಲರ ಬಸ್ಸಿಗೆ ಬೇರೆ ಡ್ರೈವರ್ ಕೂತಾಗ.
ನನ್ನ ನಾದಿನಿ ಕಿಟಕಿ ಪರದೆ ಬದಲಿಸಿದಳಲ್ಲ,
ಮೂರು ದಿನ ಆನೆ."

ಹತ್ತೊಂಬತ್ತನೆಯದು: "ಕಾರಣವಿಲ್ಲದೆ ಹೆದರುತ್ತದೆಯೇ?"
ಯಾರ ಕಾರಣ ಎಂದು ಚೌಕ ಕೇಳುವುದಿಲ್ಲ.

"ಕಪ್ಪು ಬೀಜ ಕಣ್ಣಿಗೆ ಬೀಳುತ್ತೆ," ಅಂದಳು,
ಬೆರಳು ತಾವಾಗಿ ನನ್ನ ಬರಿಮೇಜಿನ ಮೇಲೆ ಆರಿಸುತ್ತ,
"ಹುಳುಕೂ ಬೀಳುತ್ತೆ. ನಾರುವ ಬೀಜ ಅಂತ ಒಂದಿದೆ,
ನೋಡಲಿಕ್ಕೆ ಒಳ್ಳೆಯದರ ಹಾಗೇ.
ಅದು ಮೂಗಿಗೇ ಗೊತ್ತಾಗಬೇಕು.
ನನಗೆ ಹನ್ನೊಂದು ವರ್ಷ ಹಿಡಿಯಿತು.
ಇವನ ಭಯವೂ ನನಗೆ ಕಂಡಿರಲಿಲ್ಲ, ಎರಡು ವರ್ಷ.
ಹಠ ಅಂತ ತಿಳಿದು
ಹೊಡೆದಿದ್ದೇನೆ."

ಬಕ್ಕಲ್ಲಿನ ಸದ್ದು ನಿಂತಿತು. ಮತ್ತೆ ಶುರುವಾಯಿತು.

ಹಾಗಾದರೆ ಈ ಕೋಣೆಯಲ್ಲಿ ಆನೆ ಯಾವುದು?
ಟ್ಯೂಬ್‌ಲೈಟಿನ ಗುಂಯ್ ಇರಬಹುದೆಂದು ಆರಿಸಿದೆ.
ಜೀಪು ನಿಲ್ಲಲಿಲ್ಲ.
ಗೋಡೆಯ ಗಡಿಯಾರ ಇಳಿಸಿ ಅಕ್ಕಿಮೂಟೆಯ ಹಿಂದೆ ಇಟ್ಟೆ.
ಬಳೆ ಬಿಚ್ಚಿದೆ. ದನಿ ಕೊಂಚ ತಗ್ಗಿತು.
ಬಳೆಯಿಂದಲೋ, ಜೀಪು ತಾನಾಗಿಯೇ
ತಿರುವು ದಾಟಿತೋ, ಹೇಳಲಾರೆ.

ಕೊನೆಗೆ ಕೂಡಿದೆ: ಇಪ್ಪತ್ತೊಂದು.
ಇಪ್ಪತ್ನಾಲ್ಕಾದರೆ ಆತಂಕ, ಎನ್ನುತ್ತದೆ ಹಿಂಬದಿಯ ಪಟ್ಟಿ.
ಮೂರು ಅಂಕದಷ್ಟು ಧೈರ್ಯವಂತ, ಅಜ್ನಾಸ್.
ಅಂಚಿನಲ್ಲಿ ಬರೆಯತೊಡಗಿದೆ, ಅಂಚು ಸಾಲದೆ
ಹಾಳೆ ಅಡ್ಡ ತಿರುಗಿಸಿ:
ಕಟಿಂಗ್ ಶಾಪ್. ಡ್ರೈವರ್. ಪರದೆ. ನೆಂಟರು.
ಬಹುಶಃ ನಾನು.

ಅವರು ಹೋದ ಮೇಲೆ ನೋಡಿದೆ.
ನನ್ನ ಕಾಲಿಂದ ಯಾವಾಗ ಕಳಚಿಕೊಂಡನೋ,
ಚಪ್ಪಲಿ ಎರಡನ್ನೂ ಹೊಸ್ತಿಲ ಬಳಿ
ಮೂತಿ ಹೊರಗೆ ಮಾಡಿ ಜೋಡಿಸಿಟ್ಟಿದ್ದ.
ನೀನಿನ್ನು ಹೊರಡು ಅಂತಲೋ,
ಈಗ ಎಲ್ಲವೂ ಇರಬೇಕಾದಲ್ಲೇ ಇದೆ ಅಂತಲೋ.
ಮುಂದಿನ ಮಗುವನ್ನು ಕರೆಯದೆ
ಸ್ವಲ್ಪ ಹೊತ್ತು
ಬರಿಗಾಲಲ್ಲಿ ಕೂತಿದ್ದೆ.